ಉತ್ತರ ಡಕೋಟ: ಗೋಧಿಯ ಬಯಲು, ಸರ್ಕಾರದ ಬ್ಯಾಂಕು

ಅಮೆರಿಕವೆಂದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಹೆಸರುಗಳು ಕ್ಯಾಲಿಫೋರ್ನಿಯ, ಟೆಕ್ಸಾಸ್, ನ್ಯೂಜೆರ್ಸಿ. ಮಕ್ಕಳು, ಬಂಧುಗಳು ನೆಲೆಸಿರುವುದು ಹೆಚ್ಚಾಗಿ ಅಲ್ಲಿಯೇ ಆದ್ದರಿಂದ ಇದು ಸಹಜ. ಕೆನಡಾ ಗಡಿಗೆ ಹೊಂದಿಕೊಂಡಿರುವ ಉತ್ತರ ಡಕೋಟ ರಾಜ್ಯದ ಮಾತು ಬರುವುದು ವಿರಳ. ಬ್ಯಾಂಕಿನ ಉದ್ಯೋಗದಲ್ಲಿರುವ ನಮಗೆ ಈ ರಾಜ್ಯದ ಬಗ್ಗೆ ಆಸಕ್ತಿ ಹುಟ್ಟಿದ್ದು ಅಲ್ಲಿನ ಒಂದು ಬ್ಯಾಂಕಿನಿಂದಾಗಿ. ಅದರ ವಿಚಾರ ಮುಂದೆ ಬರುತ್ತದೆ.

1889ರ ನವೆಂಬರ್ 2ರಂದು ದಕ್ಷಿಣ ಡಕೋಟದೊಡನೆ ಒಂದೇ ದಿನ ಒಕ್ಕೂಟಕ್ಕೆ ಸೇರಿದ ಈ ರಾಜ್ಯದ ವಿಸ್ತೀರ್ಣ ಸುಮಾರು 1,83,000 ಚದರ ಕಿಲೋಮೀಟರು. ಕರ್ನಾಟಕಕ್ಕಿಂತ ತುಸುವೇ ಚಿಕ್ಕದು. ಆದರೆ 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 7,79,094 ಮಾತ್ರ! ರಾಜಧಾನಿ ಬಿಸ್ಮಾರ್ಕ್ ಮಿಸೌರಿ ನದಿಯ ದಡದಲ್ಲಿದೆ. ಅತಿ ದೊಡ್ಡ ನಗರ ಫಾರ್ಗೊ ಪೂರ್ವದ ಗಡಿಯಲ್ಲಿ, ರೆಡ್ ನದಿಯ ತೀರದಲ್ಲಿದೆ.

ಈ ರೆಡ್ ನದಿ ಉತ್ತರಾಭಿಮುಖವಾಗಿ ಹರಿಯುತ್ತದೆ. ವಸಂತದಲ್ಲಿ ದಕ್ಷಿಣದ ಹಿಮ ಮೊದಲು ಕರಗುತ್ತದೆ, ಉತ್ತರದಲ್ಲಿ ನದಿ ಇನ್ನೂ ಹೆಪ್ಪುಗಟ್ಟಿರುತ್ತದೆ; ಮುಂದೆ ಹೋಗಲಾರದ ನೀರು ಬಯಲನ್ನೆಲ್ಲ ಆವರಿಸುತ್ತದೆ. 1997ರಲ್ಲಿ ಗ್ರ್ಯಾಂಡ್ ಫೋರ್ಕ್ಸ್ ನಗರ ಹೀಗೆಯೇ ಜಲಾವೃತವಾಯಿತು. ಆದರೂ ಜನ ಈ ಕಣಿವೆಯನ್ನು ಬಿಟ್ಟು ಹೋಗಿಲ್ಲ. ಹಿಮಯುಗದ ಕೊನೆಯಲ್ಲಿದ್ದ ಅಗಾಸಿಜ್ ಎಂಬ ಮಹಾಸರೋವರದ ತಳವಾಗಿದ್ದ ಈ ನೆಲ ಅಷ್ಟು ಸಮತಟ್ಟು, ಅಷ್ಟು ಫಲವತ್ತು. ಹವಾಮಾನವಂತೂ ಎರಡು ತುದಿಗಳದ್ದು. 1936ರ ಫೆಬ್ರವರಿಯಲ್ಲಿ ಇಲ್ಲಿ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ದಾಖಲಾಯಿತು; ಅದೇ ವರ್ಷದ ಜುಲೈನಲ್ಲಿ 49 ಡಿಗ್ರಿಯ ಬಿಸಿಲು.

ಗೋಧಿ, ಅದರಲ್ಲೂ ಪಾಸ್ತಾ ತಯಾರಿಕೆಗೆ ಬೇಕಾದ ಡ್ಯೂರಮ್ ಗೋಧಿ, ಇಲ್ಲಿನ ಮುಖ್ಯ ಬೆಳೆ. ಸೂರ್ಯಕಾಂತಿಯೂ ಹೇರಳ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳೆದವನು ರೈತನಾದರೂ ಧಾನ್ಯದ ದರ್ಜೆಯನ್ನು ನಿರ್ಧರಿಸುತ್ತಿದ್ದವರು ನೆರೆರಾಜ್ಯದ ಮಿನಿಯಾಪೊಲಿಸ್‌ನ ವರ್ತಕರು. ಸಾಗಣೆಯ ದರ ರೈಲ್ವೆ ಕಂಪನಿಗಳದ್ದು. ಸಾಲದ ಬಡ್ಡಿಯೂ ವಿಪರೀತ. ಇದರಿಂದ ಬೇಸತ್ತ ರೈತರು 1915ರಲ್ಲಿ ಆರ್ಥರ್ ಟೌನ್ಲಿ ಎಂಬವರ ಮುಂದಾಳುತನದಲ್ಲಿ ನಾನ್‌ಪಾರ್ಟಿಸನ್ ಲೀಗ್ ಕಟ್ಟಿ, ಮುಂದಿನ ವರ್ಷವೇ ರೈತನಾದ ಲಿನ್ ಫ್ರೇಜಿಯರ್ ಅವರನ್ನು ಗವರ್ನರ್ ಆಗಿ ಆರಿಸಿದರು. 1919ರಲ್ಲಿ 20 ಲಕ್ಷ ಡಾಲರು ಬಂಡವಾಳದೊಡನೆ 'ಬ್ಯಾಂಕ್ ಆಫ್ ನಾರ್ತ್ ಡಕೋಟ' ಆರಂಭವಾಯಿತು. 1922ರಲ್ಲಿ ಸರ್ಕಾರದ್ದೇ ಹಿಟ್ಟಿನ ಗಿರಣಿಯೂ ತೆರೆಯಿತು. ವಿರೋಧಿಗಳು ಸುಮ್ಮನಿರಲಿಲ್ಲ. 1921ರಲ್ಲಿ ಮತದಾರರೇ ಫ್ರೇಜಿಯರ್ ಅವರನ್ನು ಅಧಿಕಾರದಿಂದ ಹಿಂದಕ್ಕೆ ಕರೆಸಿಕೊಂಡರು. ಅಮೆರಿಕದಲ್ಲಿ ಹಾಗೆ ಪದಚ್ಯುತರಾದ ಮೊದಲ ಗವರ್ನರ್ ಅವರು. ಬ್ಯಾಂಕು ಮಾತ್ರ ಉಳಿಯಿತು.

ರಾಜ್ಯ ಸರ್ಕಾರದ ಹಣ ಈ ಬ್ಯಾಂಕಿನಲ್ಲಿಯೇ ಠೇವಣಿಯಾಗುತ್ತದೆ. ಠೇವಣಿಗೆ ಸರ್ಕಾರವೇ ಹೊಣೆ. ಊರೂರಿನಲ್ಲಿ ಶಾಖೆ ತೆರೆದು ಸ್ಥಳೀಯ ಬ್ಯಾಂಕುಗಳೊಡನೆ ಪೈಪೋಟಿಗಿಳಿಯದೆ, ಅವು ಕೊಡುವ ಸಾಲದಲ್ಲಿ ಪಾಲುಗೊಳ್ಳುವುದು ಇದರ ರೀತಿ. ಲಾಭದ ಒಂದು ಭಾಗ ರಾಜ್ಯದ ಬೊಕ್ಕಸಕ್ಕೆ ಹೋಗುವುದುಂಟು. ಐವತ್ತು ರಾಜ್ಯಗಳಲ್ಲಿ ಇಂತಹ ಬ್ಯಾಂಕು ಇದೊಂದೇ. ಸರ್ಕಾರದ ಆಶ್ರಯದಲ್ಲಿ 1913ರಲ್ಲಿಯೇ ಹುಟ್ಟಿದ ನಮ್ಮ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದುದನ್ನು ನೆನೆದಾಗ ನಮಗೆ ಸ್ವಲ್ಪ ಅಸೂಯೆಯೇ ಆಗುತ್ತದೆ.

ಪಶ್ಚಿಮದಲ್ಲಿ 1951ರಲ್ಲಿ ತೈಲ ದೊರೆಯಿತು. ಈ ಶತಮಾನದಲ್ಲಿ ಬಾಕನ್ ಶಿಲಾಪದರದಿಂದ ತೈಲ ತೆಗೆಯುವ ಹೊಸ ವಿಧಾನ ಬಂದ ಮೇಲೆ ವಿಲಿಸ್ಟನ್‌ನಂತಹ ಸಣ್ಣ ಪಟ್ಟಣಗಳು ಕೆಲಸಗಾರರಿಂದ ತುಂಬಿಹೋದವು.

ಈ ಸಮೃದ್ಧಿಗೆ ಎಲ್ಲರೂ ಸಮಭಾಗಿಗಳಲ್ಲ. ಮಿಸೌರಿಗೆ ಕಟ್ಟಿದ ಗ್ಯಾರಿಸನ್ ಅಣೆಕಟ್ಟಿಗಾಗಿ ಮಂಡಾನ್, ಹಿಡಾಟ್ಸ ಮತ್ತು ಅರಿಕಾರ ಮೂಲನಿವಾಸಿಗಳ ಒಂದೂವರೆ ಲಕ್ಷ ಎಕರೆಗೂ ಹೆಚ್ಚಿನ ನೆಲ ಹೋಯಿತು. ನದಿಯಂಚಿನ ಹೊಲಗಳೊಡನೆ ಎಲ್ಬೊವುಡ್ಸ್ ಎಂಬ ಊರೂ ಮುಳುಗಿತು. 1948ರಲ್ಲಿ ಒಪ್ಪಂದಕ್ಕೆ ಸಹಿಯಾಗುತ್ತಿರುವಾಗ ಬುಡಕಟ್ಟಿನ ಅಧ್ಯಕ್ಷ ಜಾರ್ಜ್ ಜಿಲೆಟ್ ಮುಖ ಮುಚ್ಚಿಕೊಂಡು ಅಳುತ್ತಿರುವ ಛಾಯಾಚಿತ್ರ ಪ್ರಸಿದ್ಧವಾಗಿದೆ. ಪ್ರತಿ ಸೆಪ್ಟೆಂಬರಿನಲ್ಲಿ ಬಿಸ್ಮಾರ್ಕ್‌ನಲ್ಲಿ ಮೂಲನಿವಾಸಿಗಳ ದೊಡ್ಡ ನೃತ್ಯೋತ್ಸವ ನಡೆಯುತ್ತದೆ.

ವಲಸೆ ಬಂದವರಲ್ಲಿ ನಾರ್ವೆಯವರು ಮತ್ತು ರಷ್ಯದಲ್ಲಿ ನೆಲೆಸಿದ್ದ ಜರ್ಮನರು ಹೆಚ್ಚು. ಜರ್ಮನರ ಮನೆಯಲ್ಲಿ ಹಿಟ್ಟಿನ ಉಂಡೆ, ಆಲೂಗೆಡ್ಡೆ ಹಾಕಿದ ಕ್ನೆಫ್ಲಾ ಸಾರು. ನಾರ್ವೆಯವರದು ಲೆಫ್ಸ: ಬೇಯಿಸಿದ ಆಲೂಗೆಡ್ಡೆಯನ್ನು ಹಿಟ್ಟಿನೊಡನೆ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಬೇಯಿಸಿದ ರೊಟ್ಟಿ. ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ತಿನ್ನುತ್ತಾರೆ.