ಬಿ.ಎಚ್. ರೋಡಿನ ಆ ತುದಿ

ನಮ್ಮ ಗುಬ್ಬಿ, ತುಮಕೂರು, ತಿಪಟೂರು ಕಡೆಯವರಿಗೆ ಬಿ.ಎಚ್. ರೋಡ್ ಅಂದರೆ ಬಸ್ಸು, ಲಾರಿ, ಧೂಳು. ಬಿ ಅಂದರೆ ಬೆಂಗಳೂರು, ಸರಿ. ಎಚ್ ಅಂದರೆ ‘ಹೈವೇ’ ಇರಬೇಕು ಎಂದವರೂ ನನಗೆ ಸಿಕ್ಕಿದ್ದಾರೆ. ಅಲ್ಲ ಸ್ವಾಮಿ, ಅದು ಹೊನ್ನಾವರ! ಹಳೆಯ ರಾಷ್ಟ್ರೀಯ ಹೆದ್ದಾರಿ 206 ತುಮಕೂರಿನಿಂದ ಹೊರಟು ನಮ್ಮೂರು ದಾಟಿ, ಶಿವಮೊಗ್ಗ, ಸಾಗರ, ಜೋಗದ ಮೇಲೆ ಘಟ್ಟ ಇಳಿದು ಸಮುದ್ರ ಸೇರುತ್ತಿತ್ತು. 2010ರ ಹೊಸ ಲೆಕ್ಕದಲ್ಲಿ ನಮ್ಮ ಪಾಲಿಗೆ ಬಂದದ್ದು 73, ಅದು ಮಂಗಳೂರಿಗೆ ಹೋಗುತ್ತದೆ. ಹೊನ್ನಾವರಕ್ಕೆ ಬಾಣಾವರದ ಹತ್ತಿರ 69 ಹಿಡಿಯಬೇಕು. ಹೆಸರು ಮಾತ್ರ ನಮ್ಮಲ್ಲೇ ಉಳಿಯಿತು.

ಶರಾವತಿ ಕಡಲು ಸೇರುವ ಊರು ಹೊನ್ನಾವರ. 14ನೇ ಶತಮಾನದ ನಡುವೆ ಮೊರಾಕ್ಕೋದ ಇಬ್ನ್ ಬತೂತಾ ಇಲ್ಲಿಗೆ ಬಂದಿದ್ದ. ಅವನು ಬೆರಗಾಗಿ ಬರೆದದ್ದು ಶಾಲೆಗಳ ಬಗ್ಗೆ. ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ, ಬೇರೆಲ್ಲೂ ಇಂಥದ್ದು ಕಾಣಲಿಲ್ಲ ಎನ್ನುತ್ತಾನೆ. ಅಷ್ಟು ದೇಶ ಸುತ್ತಿದವನು ಹೇಳಿದ ಮಾತಿದು! ಊರಿನ ಸುಲ್ತಾನ ಜಮಾಲುದ್ದೀನ್ 52 ಹಡಗು ಕಟ್ಟಿಕೊಂಡು ಗೋವೆಯ ಮೇಲೆ ಹೋದಾಗ ಈ ಪ್ರವಾಸಿಯೂ ಜೊತೆಗಿದ್ದ. ಸುಲ್ತಾನನಿಗೂ ಮೇಲೊಬ್ಬ ‘ಹರ್ಯಬ್’ ಎಂಬ ದೊರೆಯಿದ್ದನಂತೆ. ಅವನು ವಿಜಯನಗರದ ಹರಿಹರನೇ ಇರಬೇಕೆಂದು ವಿದ್ವಾಂಸರ ಊಹೆ.

ಆಮೇಲೆ ಪೋರ್ಚುಗೀಸರು ಬಂದರು. ಹೊನ್ನಾವರದ ತಿಮ್ಮೋಜನ ಮಾತು ಕೇಳಿಯೇ 1510ರಲ್ಲಿ ಅಲ್ಬುಕರ್ಕ್ ಗೋವೆಗೆ ನುಗ್ಗಿದ. ಅವರಿಗೆ ತಿಮ್ಮೋಜ ಒಮ್ಮೆ ಕಡಲ್ಗಳ್ಳ, ಇನ್ನೊಮ್ಮೆ ಮಿತ್ರ, ಕೆಲಸ ಇದ್ದಂತೆ ಹೆಸರು! ನದಿಯ ಮೇಲ್ಗಡೆ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಐವತ್ತಕ್ಕೂ ಹೆಚ್ಚು ವರ್ಷ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಅವಳ ಕೈದಾಟದೆ ಹಡಗು ಹತ್ತುತ್ತಿರಲಿಲ್ಲ. ಹೊನ್ನಾವರದ ಕೋಟೆಯನ್ನು ಮಾತ್ರ 1569ರಲ್ಲಿ ಪೋರ್ಚುಗೀಸರು ಕಿತ್ತುಕೊಂಡರು. ಕೊನೆಗೆ ರಾಣಿಯನ್ನು ಸೋಲಿಸಿದ್ದು ಪರದೇಶದವರಲ್ಲ, ಕೆಳದಿಯ ನಾಯಕರು. ಮುಂದೆ ಹೈದರ್, ಟಿಪ್ಪು, ಇಂಗ್ಲಿಷರು... ಆ ಕಥೆ ಕರಾವಳಿಯ ಎಲ್ಲ ಊರಿನದೂ ಒಂದೇ.

ನೋಡಲು ಏನಿದೆ ಅಂತೀರಾ? ನಾನು ಹೇಳುವುದು ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು. ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಕಾಡು. ರಾಣಿಯ ಪಟ್ಟಣದಲ್ಲಿ ಇವತ್ತು ಕಾಣುವುದು ಇಂಥ ಕೆಲವೇ ಕಟ್ಟಡ. ಶರಾವತಿಯ ಮೇಲೆ ಎರಡು ಕಿಲೋಮೀಟರ್ ಉದ್ದದ ಕೊಂಕಣ ರೈಲ್ವೆ ಸೇತುವೆ ಇದೆ, ರೈಲಿನಲ್ಲಿ ಹೋಗುವಾಗ ಕಿಟಕಿ ಬಿಡಬೇಡಿ. ಅಪ್ಸರಕೊಂಡ, ಬಸವರಾಜ ದುರ್ಗದ ದ್ವೀಪ, ಇಡಗುಂಜಿ ಗಣಪತಿ ಎಲ್ಲ ಹತ್ತಿರ ಹತ್ತಿರ. ಗುಬ್ಬಿಯವರು ಗುಣವಂತೆಗೆ ಹೋಗಲೇಬೇಕು. ನಮ್ಮಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿದರೆ, ಅಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮಂಡಳಿ ಕಟ್ಟಿದರು. ಒಂದೇ ರಸ್ತೆಯ ಎರಡು ಕಡೆ ಎರಡು ರಂಗ!

ನದಿಯಾಚೆಯ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಬಂತು. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಮೀನು ಒಣಗಿಸುವ ಜಾಗ ಅದು, ಕಡಲಾಮೆ ಮೊಟ್ಟೆಯಿಡುವ ಮರಳೂ ಅದೇ. ಬಂದರು ಬಂದರೆ ಊರು ಮತ್ತೆ ಮೆರೆಯುತ್ತದೆ ಅನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮೆಣಸಿನ ಕಾಲದಲ್ಲಿ ಮೆರೆದವರು ಯಾರು ಅನ್ನುವುದು ಪುಸ್ತಕಗಳಲ್ಲಿದೆ, ಆಗ ಬಲೆ ಬೀಸುತ್ತಿದ್ದವರ ಒಂದು ಹೆಸರನ್ನೂ ನಾನು ಅವುಗಳಲ್ಲಿ ಓದಿಲ್ಲ. ಹೋದರೆ ಬೀಚ್ ನೋಡಿಕೊಂಡು ಹಾಗೇ ವಾಪಸ್ ಬರಬೇಡಿ, ಟೊಂಕದ ಕಡೆಗೂ ನಾಲ್ಕು ಹೆಜ್ಜೆ ಹಾಕಿ.