ಕಲ್ಲಿನ ರಥದಿಂದ ಏರೋಪ್ಲೇನ್ ಚಿಟ್ಟೆಯವರೆಗೆ

ಹಂಪೆಯ ಕಲ್ಲಿನ ರಥವನ್ನು ನೀವು ನೋಡಿರದಿದ್ದರೂ ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಕಂಡೇ ಇರುತ್ತೀರಿ. ಆ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿತ್ತು, ಈಗಿಲ್ಲ. ಅದು ಹೇಗಿತ್ತೆಂದು ನಮಗೆ ಕಣ್ಣಾರೆ ತೋರಿಸುವುದು ಒಂದು ಛಾಯಾಚಿತ್ರ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಾಯಿಸಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಹಿಡಿದಿಟ್ಟರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಸ್ಥಳಗಳನ್ನು ಮತ್ತೆ ಚಿತ್ರಿಸಿದಾಗ, ನಡುವೆ ಏನೇನು ಕಳೆದುಹೋಗಿದೆ ಎಂಬುದು ಸ್ಪಷ್ಟವಾಯಿತು.

ಗ್ರೀನ್‌ಲಾ ಬಳಸಿದಂಥ ಕಾಗದಕ್ಕೆ ಬೆಳಕು ನಿಮಿಷಗಟ್ಟಲೆ ಬೀಳಬೇಕಿತ್ತು. ಕಲ್ಲು ನಿಲ್ಲುತ್ತದೆ, ಕೀಟ ನಿಲ್ಲುವುದಿಲ್ಲ. ಹೀಗಾಗಿ ಹಂಪೆಯ ಕಂಬಗಳಿಗೆ ಇರುವಷ್ಟು ಹಳೆಯ ಚಿತ್ರದಾಖಲೆ ಕಮಲಾಪುರದ ಕೆರೆಯಂಚಿನ ಏರೋಪ್ಲೇನ್ ಚಿಟ್ಟೆಗೆ ಇರಲು ಸಾಧ್ಯವಿಲ್ಲ.

ವನ್ಯಜೀವಿಗಳನ್ನು ಕ್ಯಾಮೆರಾದಲ್ಲಿ ಹಿಡಿದ ದೊಡ್ಡ ಹೆಸರೊಂದು ಇದೇ ಸೀಮೆಯದು. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳಿಂದ ವಿದೇಶಗಳಲ್ಲೂ ಹೆಸರಾದವರು. 1983ರಲ್ಲಿ ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕ ಹೊರಬಂತು. ಆದರೆ ಆನೆ, ಹುಲಿಗಳ ಚಿತ್ರಕ್ಕೆ ಉದ್ದನೆಯ ಟೆಲಿಲೆನ್ಸ್ ಬೇಕು, ಜೀಪು ಬೇಕು, ಕಾಡಿನ ಪ್ರವೇಶಕ್ಕೆ ಅನುಮತಿಯೂ ಬೇಕು. ವಿದ್ಯಾರ್ಥಿಗೆ ಎಟುಕುವುದು ಬೇಲಿಯ ಮೇಲಿನ ಹುಳು.

ಅದಕ್ಕೂ ದುಬಾರಿ ಮಸೂರ ಬೇಕೆಂಬುದು ತಪ್ಪು ಕಲ್ಪನೆ. ಮಸೂರವನ್ನು ಫಿಲ್ಮಿನಿಂದ ಇಲ್ಲವೇ ಸಂವೇದಕದಿಂದ, ಅಂದರೆ ಬಿಂಬ ಮೂಡುವ ತಳದಿಂದ, ದೂರ ಸರಿಸಿದಷ್ಟೂ ಅದು ಹತ್ತಿರದ ವಸ್ತುವನ್ನು ದೊಡ್ಡದಾಗಿ ಮೂಡಿಸುತ್ತದೆ. ನಡುವೆ ಸೇರಿಸುವ ಟೊಳ್ಳು ಕೊಳವೆಗೆ ಎಕ್ಸ್‌ಟೆನ್ಷನ್ ಟ್ಯೂಬ್ ಎನ್ನುತ್ತಾರೆ. ಅದರಲ್ಲಿ ಗಾಜೇ ಇಲ್ಲ, ಆದ್ದರಿಂದಲೇ ಅಗ್ಗ. ಮಸೂರದ ಸಂಗಮ ದೂರ 50 ಮಿ.ಮೀ. ಇದ್ದು ಕೊಳವೆ 25 ಮಿ.ಮೀ. ಇದ್ದರೆ ಬಿಂಬ ವಸ್ತುವಿನ ಅರ್ಧದಷ್ಟು, 50 ಮಿ.ಮೀ. ಕೊಳವೆಯಾದರೆ ವಸ್ತುವಿನಷ್ಟೇ. ಈ ಲಾಭಕ್ಕೆ ದಂಡವೂ ಉಂಟು: ಸಮಗಾತ್ರದಲ್ಲಿ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ.

1949ರಲ್ಲಿ ಪೂರ್ವ ಜರ್ಮನಿಯ ಕ್ಯಾಮೆರಾಗಳಲ್ಲಿ ಬಂದ 42 ಮಿ.ಮೀ. ವ್ಯಾಸದ ತಿರುಪಿನ ಜೋಡಣೆ ಮುಂದೆ ದೇಶ ದೇಶಗಳಲ್ಲಿ ಹರಡಿತು. ಡ್ರೆಸ್ಡೆನ್‌ನ ಪ್ರಾಕ್ಟಿಕಾ, ಮಾಸ್ಕೋ ಸಮೀಪದ ಕಾರ್ಖಾನೆಯ ಜೆನಿತ್, ಜಪಾನಿನ ಪೆಂಟಾಕ್ಸ್ ಎಲ್ಲಕ್ಕೂ ಅದೇ ತಿರುಪು. ಜೆನಿತ್ ಜೊತೆಗಿನ 58 ಮಿ.ಮೀ. ಹೀಲಿಯಾಸ್ ಮಸೂರ ಲೋಹದ್ದು. ಮೋಟಾರಿಲ್ಲ, ತಂತಿಯಿಲ್ಲ, ಕೆಡುವ ಭಾಗಗಳೂ ಕಡಿಮೆ. ಫಿಲ್ಮಿನ ಯುಗ ಮುಗಿದಾಗ ಇಂಥ ಮಸೂರಗಳು ಕಪಾಟು ಸೇರಿದವು. ಅವಕ್ಕೆ ಮರುಜನ್ಮ ಕೊಟ್ಟದ್ದು ಒಳಗೆ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾ. ಕನ್ನಡಿಯ ಜಾಗ ಉಳಿದದ್ದರಿಂದ, ಸರಳವಾದ ಅಡಾಪ್ಟರ್ ಒಂದರಿಂದಲೇ ಹಳೆಯ ಮಸೂರ ಅದಕ್ಕೆ ಹೊಂದುತ್ತದೆ.

ಇನ್ನು ಕಲಿಕೆ. ಸಮಗಾತ್ರದಲ್ಲಿ, ಮಸೂರದ ರಂಧ್ರವನ್ನು 11ಕ್ಕೆ ಕಿರಿದುಗೊಳಿಸಿದರೂ ಸ್ಪಷ್ಟವಾಗಿ ಕಾಣುವ ಪದರ ಸುಮಾರು ಒಂದೂಕಾಲು ಮಿಲಿಮೀಟರ್ ಮಾತ್ರ. ಉಂಗುರ ತಿರುಗಿಸುತ್ತ ಕೂತರೆ ಕೆಲಸ ಕೆಡುತ್ತದೆ. ಅದನ್ನು ಒಂದೆಡೆ ನಿಲ್ಲಿಸಿ, ಉಸಿರು ಬಿಗಿಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಕೀಟದ ಕಣ್ಣು ಮೊನಚಾದ ಕ್ಷಣಕ್ಕೆ ಗುಂಡಿ ಒತ್ತಬೇಕು. ಯಂತ್ರವೇ ಎಲ್ಲವನ್ನೂ ಮಾಡಿಕೊಡುವ ಮಸೂರದಲ್ಲಿ ಈ ಪಾಠ ಸಿಗುವುದು ಕಷ್ಟವೆಂದೇ ನನ್ನ ಅಭಿಪ್ರಾಯ. ಕಂಪ್ಲಿಯ ಭತ್ತದ ಗದ್ದೆಗೋ ಹೊಸಪೇಟೆಯ ಕಾಲುವೆಯ ಬದಿಗೋ ಹೊತ್ತು ಮೂಡುವ ಮೊದಲೇ ಹೋಗಿ. ಮೈಮೇಲೆ ಇಬ್ಬನಿ ಹೊತ್ತ ಏರೋಪ್ಲೇನ್ ಚಿಟ್ಟೆ ಬಿಸಿಲೇರುವ ತನಕ ಹಾರಲಾರದು.

ಸಂಡೂರಿನ ಮಾತು ಬೇರೆ. ಕಬ್ಬಿಣದ ಅದಿರಿಗಾಗಿ ಅಲ್ಲಿನ ಬೆಟ್ಟಗಳನ್ನು ಎಷ್ಟರಮಟ್ಟಿಗೆ ಅಗೆದರೆಂದರೆ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. 2013ರಲ್ಲಿ ಷರತ್ತುಗಳೊಡನೆ ಮತ್ತೆ ಅನುಮತಿ ದೊರೆಯಿತು. ಅಗೆದ ಇಳಿಜಾರಿನಲ್ಲಿ ಗಿಡ ನೆಟ್ಟರೆ ಮರ ಬಂದೀತು. ಅದರ ಎಲೆಯ ಮೇಲೆ ಮೊದಲಿನ ಹುಳುಗಳೂ ಬಂದವೇ ಎಂದು ಹೇಳಲು ಮೊದಲಿನ ಚಿತ್ರ ಇರಬೇಕಲ್ಲ! ಆದ್ದರಿಂದ ಪ್ರತಿ ಚಿತ್ರದೊಡನೆ ದಿನಾಂಕ, ಜಾಗ, ಗಿಡದ ಹೆಸರು ಬರೆದಿಡಿ. ಆರಂಭಕ್ಕೆ, ಮುಂಗಾರಿನ ಮೊದಲ ಮಳೆಗಳಲ್ಲಿ ಮಣ್ಣಿನ ಮೇಲೆ ನಿಧಾನವಾಗಿ ಹರಿದಾಡುವ ಕೆಂಪು ಮಖಮಲ್ಲಿನ ಹುಳುವನ್ನು ಹುಡುಕಿ. ಅದಕ್ಕೆ ಅರ್ಧಗಾತ್ರದ ಬಿಂಬ, ಅಂದರೆ 25 ಮಿ.ಮೀ. ಕೊಳವೆ, ಸಾಕು.