ಅಟ್ಟದ ಕಾಯಿ ಬಿಟ್ಟು ಊರು ಹೊರಟಾಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಂಬತ್ತೈದು ದಾಟಿದವರ ವಯಸ್ಸು ಕೇಳಿದರೆ ಇಸವಿ ಸಿಗುವುದು ಅಪರೂಪ. ‘ಪ್ಲೇಗಿಗೆ ಊರು ಬಿಟ್ಟಿದ್ರಲ್ಲ, ಆಗ ನಾನಿನ್ನೂ ಅವ್ವನ ಕಂಕುಳಲ್ಲಿದ್ದೆ’ ಎನ್ನುತ್ತಾರೆ. ಎಲ್ಲೆಲ್ಲಿಯೋ ಕಡಲು ಉಕ್ಕಿ ಊರು ಎಬ್ಬಿಸುತ್ತದೆ, ಹೊಳೆ ತಿರುಗಿ ಎಬ್ಬಿಸುತ್ತದೆ. ಕಡಲೂ ಇಲ್ಲದ, ಹೇಳಿಕೊಳ್ಳುವಂಥ ಹೊಳೆಯೂ ಇಲ್ಲದ ಈ ಸೀಮೆಯಲ್ಲಿ ಊರಿಗೆ ಊರನ್ನೇ ಹೊರಗೆ ಹಾಕಿದ್ದು ಇಲಿ.

ಇಲಿಗೂ ಮೊದಲು ಬರ ಇತ್ತು. 1876–78ರ ಧಾತು ಈಶ್ವರದ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಜನರನ್ನು ಕಳೆದುಕೊಂಡಿತೆಂಬುದು ಜನಗಣತಿಯಲ್ಲೇ ಕಾಣುತ್ತದೆ: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗೆ ಬಂದಿತ್ತು. ಬಯಲುಸೀಮೆಯ ತುಮಕೂರು ಜಿಲ್ಲೆ ಆ ಏಟನ್ನು ನೇರವಾಗಿ ತಿಂದಿತು. ಕಂದಾಯದ ದಾಖಲೆಗಳಲ್ಲಿ ಬೇಚರಾಕ್ ಗ್ರಾಮ ಎಂದು ಹೆಸರು ಮಾತ್ರ ಉಳಿದ ಊರುಗಳಿವೆ. ಸರ್ವೆ ನಂಬರಿದೆ, ಎಲ್ಲೆಕಲ್ಲಿದೆ, ಹುಣಸೆ ಮರದಡಿ ಒಂದು ಮುಕ್ಕಾದ ಗುಡಿಯೂ ಇರಬಹುದು, ಮನೆಗಳಿಲ್ಲ. ಯಾವುದು ಬರಕ್ಕೆ ಹಾಳಾಯಿತು, ಯಾವುದು ಬೇನೆಗೆ ಹಾಳಾಯಿತು ಎನ್ನುವುದು ಬಾಯಿಮಾತಿನಲ್ಲಿ ಕಲಸಿಹೋಗಿದೆ.

ಧಾನ್ಯ ಸಾಗಿಸಲು ರೈಲಿಲ್ಲದೆ ಜನ ಸತ್ತರು ಎಂಬ ಕೂಗು ಆ ಬರದಲ್ಲೇ ಎದ್ದದ್ದು. 1884ರಲ್ಲಿ ತುಮಕೂರಿಗೆ ರೈಲು ಬಂತು. 1889ಕ್ಕೆ ಹಳಿ ತಿಪಟೂರು, ಅರಸೀಕೆರೆ ದಾಟಿ ಹರಿಹರ ಮುಟ್ಟಿತು. ಅಲ್ಲಿಂದ ಮುಂದೆ ಹುಬ್ಬಳ್ಳಿ, ಪುಣೆ. ತಿಪಟೂರಿನ ಕೊಬ್ಬರಿ ಉತ್ತರಕ್ಕೆ ಹೋಗುವ ದಾರಿ ತೆರೆದದ್ದು ಹೀಗೆ. ಬೇನೆ ದಕ್ಷಿಣಕ್ಕೆ ಬಂದದ್ದೂ ಅದೇ ದಾರಿಯಲ್ಲಿ. 1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರು ಸೇರಿದಾಗ ಆ ಗಾಡಿ ಬರಬೇಕಾದದ್ದು ಈ ತೆಂಗಿನ ಸೀಮೆಯ ಮೂಲಕವೇ. ಮುಂದಿನ ಐವತ್ತು ವರ್ಷ ಅದು ಹೋಗುತ್ತಿತ್ತು, ಬರುತ್ತಿತ್ತು.

ಸೂರಿನಿಂದ ಇಲಿ ಬಿದ್ದು ಸತ್ತರೆ ಊರು ಬಿಡು ಎಂದರ್ಥ. ಯಾರ ಮನೆಯಲ್ಲಿ ಬಿತ್ತೋ ಅವರು ಮೊದಮೊದಲು ಮುಚ್ಚಿಡುತ್ತಿದ್ದರು. ಪಕ್ಕದ ಮನೆಯಲ್ಲೂ ಬಿದ್ದ ಮೇಲೆ ಊರೇ ಎದ್ದು ಹೊಲಕ್ಕೆ, ತೋಟಕ್ಕೆ ನಡೆಯುತ್ತಿತ್ತು. ಅಲ್ಲಿ ಹಾಕಿಕೊಳ್ಳುವ ಶೆಡ್ಡಿಗೆ ಬೇಕಾದದ್ದೆಲ್ಲ ತೋಟದಲ್ಲೇ ಇತ್ತು. ಗರಿಯನ್ನು ಕೆರೆ ನೀರಿನಲ್ಲಿ ನೆನೆಹಾಕಿ, ದಿಂಡನ್ನು ಉದ್ದಕ್ಕೆ ಸೀಳಿ, ಎಲೆಯನ್ನು ಒಂದರಡಿ ಒಂದು ತೂರಿಸಿ ಹೆಣೆದರೆ ಹೊದಿಕೆಗೂ ಆಯಿತು, ಗೋಡೆಗೂ ಆಯಿತು. ಬಿದಿರಿನ ಗಳು, ನಾರಿನ ಹಗ್ಗ. ಹೆಣೆಯುವ ಕೈ ಪಳಗಿದ್ದರೆ ಒಂದೆರಡು ದಿನದಲ್ಲಿ ಸಂಸಾರ ಒಳಗೆ. ಸರ್ಕಾರ ಬಂದು ಕಟ್ಟಿಕೊಡಲಿ ಎಂದು ಕಾಯುವ ಮಾತೇ ಇರಲಿಲ್ಲ. ಭಯವೆಂದರೆ ಬೆಂಕಿಯದು: ಒಣಗಿದ ಗರಿಗೆ ಒಲೆಯ ಕಿಡಿ ಸಾಕು. ಹಾಗಾಗಿ ಅಡುಗೆ ಬಯಲಿನಲ್ಲಿ. ಬೇನೆ ಚಳಿಗಾಲದಲ್ಲಿ ಏರಿ ಬಿಸಿಲಿಗೆ ಇಳಿಯುತ್ತಿತ್ತಾದ್ದರಿಂದ ಮಳೆಯ ಚಿಂತೆ ಅಷ್ಟಿರಲಿಲ್ಲ, ಮಂಜಿನ ಚಿಂತೆ ಇತ್ತು.

ಆದರೆ ಊರು ಖಾಲಿ ಮಾಡುವುದೆಂದರೆ ಈ ಸೀಮೆಯಲ್ಲಿ ಪಾತ್ರೆಪಗಡೆ ಹೊತ್ತು ಹೊರಡುವಷ್ಟು ಸುಲಭವಲ್ಲ. ಕಾರಣ ಅಟ್ಟ. ಇಲ್ಲಿನ ಉಂಡೆ ಕೊಬ್ಬರಿ ಬಿಸಿಲಿಗೆ ಹಾಕಿ ಒಣಗಿಸಿದ್ದಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ಪೂರಾ ವರ್ಷ ಬಿಡಬೇಕು. ಒಳಗಿನ ನೀರು ಬತ್ತಿ, ತಿರುಳು ಕರಟ ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎಂದಾಗಲೇ ಸುಲಿಯುವುದು. ಅಂದರೆ ಮನೆಯವರ ವರ್ಷದ ದುಡಿಮೆ, ಮದುವೆಯ ಖರ್ಚು, ಸಾಲದ ಕಂತು ಎಲ್ಲ ತಲೆಯ ಮೇಲೆ ಅಟ್ಟದಲ್ಲಿ ಮಾಗುತ್ತಿರುತ್ತದೆ. ಅದೇ ಅಟ್ಟ ಇಲಿಗೂ ಬೆಚ್ಚನೆಯ ಮನೆ, ಕೆಳಗೆ ವಾಡೆಯಲ್ಲಿ ರಾಗಿ ಬೇರೆ. ಸಾವು ಬರುವುದು ಎಲ್ಲಿಂದಲೋ ಬದುಕು ಇರುವುದೂ ಅಲ್ಲೇ. ಹಗಲು ಹೊತ್ತು ಗಂಡಸರು ಕಳ್ಳ ಹೆಜ್ಜೆಯಲ್ಲಿ ಊರೊಳಗೆ ಹೋಗಿ ಬೀಗ ನೋಡಿ ಬರುತ್ತಿದ್ದರು ಎಂಬ ಮಾತನ್ನು ಹಳಬರು ನಗುತ್ತಲೇ ಹೇಳುತ್ತಾರೆ. ನನಗೆ ಅದು ಮೌಢ್ಯವೆಂದು ಅನ್ನಿಸುವುದಿಲ್ಲ.

ಹೀಗೆ ಹೋಗಿ ಬಂದವರ ಮನೆಗಳಲ್ಲಿ ಏನಾಯಿತೆಂದು ತಿಳಿಯಲು ‘ಗೃಹಭಂಗ’ ಇದೆ. ಅದನ್ನು ಬರೆದ ಎಸ್.ಎಲ್. ಭೈರಪ್ಪನವರು ತಿಪಟೂರಿಗೆ ದೂರವಲ್ಲದ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. 1970ರ ಆ ಕಾದಂಬರಿಯನ್ನು ಈ ಕಡೆಯವರು ಕಥೆಯೆಂದು ಓದುವುದಿಲ್ಲ, ಪಕ್ಕದ ಮನೆಯ ಸುದ್ದಿಯೆಂದು ಓದುತ್ತಾರೆ. ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮುಂಬಯಿಯಲ್ಲಿ ಕಂಡುಹಿಡಿದ ಪ್ಲೇಗಿನ ಇನಾಕ್ಯುಲೇಷನ್ ಹಳ್ಳಿಗೂ ಬಂದಿತ್ತು. ಹಾಕಿಸಿಕೊಂಡರೆ ಜ್ವರ ಬರುತ್ತದೆಂದು ತಪ್ಪಿಸಿಕೊಂಡವರೂ ಇದ್ದರು.

ಬೆಂಗಳೂರು ಪ್ಲೇಗಿನಿಂದ ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ಪಡೆಯಿತು: ಅಗಲ ರಸ್ತೆ, ಗಾಳಿ ಬೆಳಕು, ಸಾಲು ನಿವೇಶನ. ಹಳ್ಳಿಗೆ ಸಿಕ್ಕಿದ್ದು ಬೇಸಿಗೆ ಬಂದಾಗ ಸುಣ್ಣ ಬಳಿದು ಹಳೇ ಮನೆಗೆ ವಾಪಸು. ಬಡವರಾದ್ದರಿಂದ ಹಿಂತಿರುಗಿದರು ಎಂದರೆ ಅರ್ಧ ಮಾತು ಮಾತ್ರ ಆಯಿತು. ಬೇರು ಬಿಟ್ಟ ಮರವನ್ನು ಹೊತ್ತೊಯ್ಯಲಾಗದು. ನೆಟ್ಟ ಸಸಿ ಕಾಯಿ ಬಿಡಲು ಆರೇಳು ವರ್ಷ ಬೇಕು. ಕಡಲ ದಡದವರ ಪಾಡೂ ಇದೇ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡು ಸರ್ಕಾರ ಕಡಲಿನಿಂದ 200 ಮೀಟರ್ ಒಳಗಿದ್ದವರಿಗೆ ಆಚೆ ಮನೆ ಕಟ್ಟಿಕೊಡುತ್ತೇನೆ ಎಂದಿತು. ಮನೆ ಆಚೆ ಹೋದರೂ ದೋಣಿ, ಬಲೆ ಇರುವುದು ದಡದಲ್ಲೇ ಅಲ್ಲವೇ? ಬೆಸ್ತರ ಆ ಕಷ್ಟ ತೆಂಗಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ತಂಜಾವೂರು ಕಡೆ ಲಕ್ಷಗಟ್ಟಲೆ ತೆಂಗು ಉರುಳಿಸಿದಾಗ ಅಲ್ಲಿ ಮನೆ ಉಳಿದವರೂ ದಿಕ್ಕೆಟ್ಟು ಕೂತಿದ್ದರು.

ನಮ್ಮಲ್ಲಿ ಮರ ಉರುಳುವುದಿಲ್ಲ, ನಿಂತಲ್ಲೇ ಸೊರಗುತ್ತದೆ. ತೊಂಬತ್ತರ ದಶಕದ ಕೊನೆಗೆ ಬಂದ ನುಸಿ ಕಾಯಿಯ ಮೈಯನ್ನೆಲ್ಲ ಬಿರುಕು ಮಾಡಿತು. ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದು ಕೊಳವೆಬಾವಿ ಸಾವಿರ ಅಡಿಗೆ ಇಳಿದರೂ ಧೂಳು ಬಂದ ತೋಟಗಳಲ್ಲಿ ಸುಳಿ ಒಣಗಿ ತಲೆ ಬಿದ್ದ ಮರಗಳು ನಿಂತವು. ಹೇಮಾವತಿ ನಾಲೆ ಮುಟ್ಟಿದ ಕಡೆ ಕೆರೆ ತುಂಬಿ ತೋಟ ಉಸಿರಾಡುತ್ತಿದೆ. ನಾಲೆ ಮುಟ್ಟದ ಕಡೆಯವರಿಗೆ ನೀರಿನ ಜಗಳ ಮುಗಿದಿಲ್ಲ. ಆ ನೀರಿಗಾಗಿ ಹಾಸನದ ಕಡೆ ಊರು ಬಿಟ್ಟವರನ್ನು ಇಲ್ಲಿ ಯಾರೂ ಅಷ್ಟಾಗಿ ನೆನೆಯುವುದಿಲ್ಲ; ಹೇಮಾವತಿಯ ಗೊರೂರು ಜಲಾಶಯದ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿಯ ಚರ್ಚು ನಮ್ಮವರಿಗೆ ಫೋಟೊ ತೆಗೆಸಿಕೊಳ್ಳುವ ಜಾಗ.

ಈಗ ಯಾವ ಬೇನೆಯೂ ಇಲ್ಲದೆ ಊರು ಹೊರಗೆ ನಡೆಯುತ್ತಿದೆ. ಕರೆಂಟು, ಬೋರು, ಬೈಕು ಬಂದ ಮೇಲೆ ಒಂದೊಂದೇ ಸಂಸಾರ ತೋಟದ ಮನೆ ಕಟ್ಟಿಕೊಂಡು ಹೋಯಿತು. ಕಾಯಿ ಒಣಗಿಸಲು ಅಲ್ಲೇ ಬೇರೆ ಗೋಡೌನು ಕಟ್ಟಿದ್ದಾರೆ, ಕೆಳಗೆ ಮಲಗುವವರಿಲ್ಲ. ಹಳೇ ಊರಿನ ತೊಟ್ಟಿಮನೆಗಳಲ್ಲಿ ಬೀಗ, ಹಬ್ಬಕ್ಕೊಮ್ಮೆ ದೀಪ. ಇವರಿಗೆ ತೋಟ ಇತ್ತು, ಹೋದರು. ಊರ ನಕಾಶೆಯ ಹೊರಗೇ ಬದುಕಿದ ಗೊಲ್ಲರಹಟ್ಟಿ, ತಾಂಡಾಗಳವರು ಮಾತ್ರ ತಾವು ಕೂತ ಜಾಗಕ್ಕೇ ಹಕ್ಕುಪತ್ರ ಕೇಳಿ ತಾಲ್ಲೂಕು ಕಚೇರಿಗೆ ಅಲೆದರು. ಈಚಿನ ವರ್ಷಗಳಲ್ಲಿ ಸರ್ಕಾರ ಅಂಥ ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಲು ಹೊರಟಿದೆ. ಬೇಚರಾಕ್ ಊರಿನ ಹೆಸರು ಸಾಲುಗಟ್ಟಿದ ಅದೇ ದಾಖಲೆಗೆ ಈಗ ಹಟ್ಟಿಗಳ ಹೆಸರೂ ಸೇರುತ್ತಿದೆ.